ಗೋಡೆ ದಾಟಿದ ನುಗ್ಗೆ

ಶನಿವಾರ ಬೆಳಗ್ಗೆ ಮನೆ ಬಿಡುವಾಗ ಹಿತ್ತಲಲ್ಲಿ ಮರವಿತ್ತು. ಸಂಜೆ ಬಂದು ನೋಡಿದರೆ ಕಂಬವಿತ್ತು.

ನಮ್ಮ ನುಗ್ಗೆಮರದ ವಿಷಯ ಹೇಳುತ್ತಿದ್ದೇನೆ. (ಈ ಅಂಕಣದ ಹಳೆಯ ಓದುಗರಿಗೆ ಅದರ ಪರಿಚಯ ಇದೆ. ಅದರ ಸೊಪ್ಪಿನ ಪಲ್ಯದ ಬಗ್ಗೆ ಒಮ್ಮೆ ಉದ್ದಕ್ಕೆ ಬರೆದು, ‘ಬೇರೆ ವಿಷಯವೇ ಸಿಗಲಿಲ್ಲವೇ ತಾಯಿ’ ಎಂದು ನಿಮ್ಮಲ್ಲೇ ಕೆಲವರಿಂದ ಅನ್ನಿಸಿಕೊಂಡಿದ್ದೇನೆ.) ಮೆಟ್ಟುಪಾಳ್ಯದಲ್ಲಿ ಸ್ನೇಹಿತರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ, ಕೊಯಮತ್ತೂರಿನ ವಡವಳ್ಳಿಯಲ್ಲಿರುವ ನಮ್ಮ ಮನೆಗೆ ಬಂದು ಹಿತ್ತಲ ಬಾಗಿಲು ತೆಗೆದೆ. ಪಕ್ಕದ ಮನೆಯತ್ತ ಚಾಚಿದ್ದ ಕೊಂಬೆಗಳು ಇರಲಿಲ್ಲ. ಸರಿ. ನಮ್ಮ ಕಡೆಯ ಕೊಂಬೆಗಳೂ ಇರಲಿಲ್ಲ! ಉಳಿದದ್ದು ಬೋಳು ಕಾಂಡ ಮತ್ತು ಅದರ ತುದಿಯಲ್ಲಿ ಒಂದೇ ಒಂದು ರೆಂಬೆ. ಮುಡಿ ಕೊಟ್ಟು ಬಂದವರ ತಲೆಯಲ್ಲಿ ಕ್ಷೌರಿಕ ಮರೆತು ಬಿಟ್ಟ ಜುಟ್ಟಿನ ಹಾಗೆ ಅದು ಗಾಳಿಗೆ ಆಡುತ್ತಿತ್ತು.

ನನ್ನ ಹಿಂದೆಯೇ ಅತ್ತೆ ಬಂದರು. ನೋಡಿದರು. ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಟ್ಟರು.

ಒಂದು ಮರಕ್ಕೆ ಇಷ್ಟು ಗೋಳೇ ಎನ್ನಬೇಡಿ. ನುಗ್ಗೆ ಕಡಿದರೆ ಚಿಗುರುತ್ತದೆ, ನನಗೂ ಗೊತ್ತು. ಆದರೆ ಆ ಮರ ನಮಗೆ ಬರೀ ಸೊಪ್ಪು, ಕಾಯಿ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಕುಮರೇಸನ್ ಕಳೆದ ವರ್ಷ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರು. ಅದಕ್ಕೆ ಹೊರಗಿನಿಂದ ಮೆಟ್ಟಿಲು. ಆ ಮೆಟ್ಟಿಲು ತಿರುಗುವ ಜಾಗ ಸರಿಯಾಗಿ ನಮ್ಮ ಹಿತ್ತಲಿನ ನೆತ್ತಿಯ ಮೇಲಿದೆ. ನಮ್ಮ ಬಟ್ಟೆ ಒಗೆಯುವ ಕಲ್ಲು, ಬಚ್ಚಲ ಬಾಗಿಲು, ಅಡುಗೆಮನೆಯ ಕಿಟಕಿ, ಎಲ್ಲ ಅಲ್ಲಿಂದ ಟೀವಿ ನೋಡಿದಷ್ಟು ಸ್ಪಷ್ಟ. ಬಾಡಿಗೆಗಿರುವ ಹುಡುಗರಿಗೆ ಮೊಬೈಲ್ ಸಿಗ್ನಲ್ ಸಿಗುವುದೂ ಅಲ್ಲೇ. ಪಾಪ, ಅವರದೇನೂ ತಪ್ಪಿಲ್ಲ. ಒಬ್ಬ ಊರಿನ ಅಮ್ಮನ ಜೊತೆ ಮಾತಾಡುತ್ತಾನೆ, ಇನ್ನೊಬ್ಬ ಮುಂದೆ ಹೆಂಡತಿ ಆಗಬಹುದಾದವಳ ಜೊತೆ. (ದನಿ ತಗ್ಗುವುದನ್ನು ನೋಡಿ ನಾವು ಮಾಡಿಕೊಂಡ ಅಂದಾಜು.) ಆದರೆ ಮಾತಾಡುವ ಮನುಷ್ಯ ಎಲ್ಲಾದರೂ ನೋಡಲೇಬೇಕಲ್ಲ? ನಡುವೆ ಇದ್ದದ್ದು ಈ ನುಗ್ಗೆಮರವೊಂದೇ.

ನಮ್ಮ ಅತ್ತೆ ತುಮಕೂರಿನವರು. ನಮ್ಮ ಜೊತೆಗಿರಲು ಬಂದು ಕೆಲವು ವರ್ಷಗಳಾದರೂ ಅವರ ತಮಿಳು ‘ಪೋದುಂ’, ‘ವೇಂಡಾಂ’ ದಾಟಿ ಮುಂದೆ ಹೋಗಿಲ್ಲ. ಸಾಕು, ಬೇಡ. ಅಷ್ಟರಲ್ಲೇ ಬದುಕು ನಡೆಯುತ್ತದೆ ಎನ್ನುತ್ತಾರೆ. ಮುಂಬಾಗಿಲಲ್ಲಿ ನಿಂತರೆ ಬಸ್ಸು, ಬೈಕು. ಹಾಗಾಗಿ ಹಿತ್ತಲೇ ಅವರ ಊರು. ಸ್ನಾನ ಮಾಡಿ, ಕೂದಲು ಹರಡಿಕೊಂಡು, ಮರದ ನೆರಳಲ್ಲಿ ಕುರ್ಚಿ ಹಾಕಿ ಅವರೆಕಾಯಿ ಸುಲಿಯುತ್ತಾ ಕೂತರೆ ಅವರಿಗೆ ಲೋಕವೇ ಬೇಡ. ನಾನು ಬಟ್ಟೆ ಒಗೆಯುತ್ತಾ, ಅವರು ಸುಲಿಯುತ್ತಾ, ಇಬ್ಬರೂ ಜೋರಾಗಿ ಹರಟುತ್ತಿದ್ದೆವು.

ಭಾನುವಾರ ಬೆಳಗ್ಗೆ ನೋಡಿದರೆ ಅತ್ತೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂದಲು ಒಣಗಿಸಿಕೊಳ್ಳುತ್ತಿದ್ದಾರೆ.

“ಯಾಕೆ ಅತ್ತೆ, ಬಿಸಿಲಿದೆಯಲ್ಲ?”

“ಸುಮ್ನಿರೇ. ಆ ಮೆಟ್ಲು ನನ್ನನ್ನೇ ನೋಡ್ದಂಗಾಗುತ್ತೆ. ಇನ್ಮೇಲೆ ಇಲ್ಲೇ ಇರ್ತೀನಿ.”

ನನಗೆ ಸಿಟ್ಟು ಬಂದದ್ದು ಆಗ. ಮರಕ್ಕಾಗಿ ಅಲ್ಲ. ಆ ‘ಇನ್ಮೇಲೆ’ ಎಂಬ ಮಾತಿಗೆ. ಈ ವಯಸ್ಸಿನಲ್ಲಿ ಒಬ್ಬರು ತಮ್ಮ ಊರನ್ನು ಒಂದು ಕೋಣೆಗೆ ಮಡಿಚಿಕೊಳ್ಳಬೇಕೇ? ಅತ್ತೆಯ ಕುರ್ಚಿ ಮತ್ತೆ ಹಿತ್ತಲಿಗೆ ಹೋಗಬೇಕು, ಹೋಗುವವರೆಗೆ ಬಿಡುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿದೆ.

“ನಾಳೆ ಮತ್ತೆ ಕುಮರೇಸನ್ ಮುಖ ನೋಡಬೇಕು, ಬಿಡೇ,” ಎಂದರು ನನ್ನ ಗಂಡ. ಅವರು ಶಾಂತಿಪ್ರಿಯರು. ಪಂಪ್ ಕಾರ್ಖಾನೆಯಲ್ಲಿ ದಿನವಿಡೀ ಗದ್ದಲ ಕೇಳುವವರಿಗೆ ಮನೆಯಲ್ಲಿ ಮೌನ ಇಷ್ಟ.

ನನಗೆ ಅನುಮಾನವಿದ್ದದ್ದೂ ಅವರ ಮೇಲೆಯೇ. ನಾವು ಶನಿವಾರ ಮನೆಯಲ್ಲಿ ಇರುವುದಿಲ್ಲ ಎಂದು ಕುಮರೇಸನ್‌ಗೆ ಗೊತ್ತಾದದ್ದು ಹೇಗೆ? ಆ ಮಾತನ್ನು ಆಡಿದ್ದು ನಾನು, ಅತ್ತೆ, ಅದೂ ಹಿತ್ತಲಲ್ಲಿ, ಅದೂ ಕನ್ನಡದಲ್ಲಿ. ಕೊಯಮತ್ತೂರಿನಲ್ಲಿ ಕನ್ನಡ ಎಂದರೆ ನಮಗೆ ಪರದೆ ಇದ್ದಂತೆ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಡಾಕ್ಟರ ರೂಮಿನ ಹೊರಗೆ, ಯಾರ ಎದುರು ಬೇಕಾದರೂ ಅವರ ಬಗ್ಗೆಯೇ ಮಾತಾಡಬಹುದು. ಹೊರರಾಜ್ಯಕ್ಕೆ ಹೋದ ಕನ್ನಡಿಗರೇ, ಎದೆ ಮುಟ್ಟಿ ಹೇಳಿ. ಅಂಗಡಿಯವನ ಮುಖ ನೋಡುತ್ತಲೇ ‘ಇವನು ಟೋಪಿ ಹಾಕ್ತಾನೆ, ನಡಿ’ ಎಂದವರಲ್ಲವೇ ನೀವು? ಹಾಗಾದರೆ ಸುದ್ದಿ ಸೋರಿದ್ದು ಗಂಡನಿಂದಲೇ. ಅವರೂ ಕುಮರೇಸನ್ ಅವರೂ ಬೆಳಗ್ಗೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ.

“ನಾವು ಮಾತಾಡೋದೇ ಕ್ರಿಕೆಟ್, ದೇವರಾಣೆ,” ಎಂದರು.

ನಾನು ನಂಬಲಿಲ್ಲ. ಕುಕ್ಕರ್ ಕೂಗುವುದರೊಳಗೆ ಜಗಳಕ್ಕೆ ಬೇಕಾದಷ್ಟು ತಮಿಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೊರಟೆ.

ಭಾನುವಾರವಾದ್ದರಿಂದ ಕುಮರೇಸನ್ ಮನೆಯಲ್ಲೇ ಇದ್ದರು. (ಉಳಿದ ದಿನ ಬನಿಯನ್ ಬಟ್ಟೆಯ ವ್ಯಾಪಾರಕ್ಕೆಂದು ಬೆಳಗ್ಗೆ ತಿರುಪ್ಪೂರಿಗೆ ಹೋದರೆ ಬರುವುದು ರಾತ್ರಿಗೇ.) ವರಾಂಡದಲ್ಲಿ ಅವರ ತಾಯಿ, ಬೀದಿಗೆಲ್ಲ ಸೌಡಮ್ಮ ಪಾಟಿ (ಪಾಟಿ ಎಂದರೆ ಅಜ್ಜಿ), ಕೂತಿದ್ದರು. ನಾನು ಶುರು ಮಾಡಿದೆ. ಮೊದಲ ವಾಕ್ಯ ಅಚ್ಚ ತಮಿಳು. ಎರಡನೆಯದರಲ್ಲಿ ಸಿಟ್ಟು ಏರಿತು, ತಮಿಳು ಇಳಿಯಿತು. ಮೂರನೆಯದು ಪೂರ್ತಿ ಕನ್ನಡ. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ್ರಲ್ಲ! ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?”

ಉತ್ತರ ಕೊಟ್ಟದ್ದು ಪಾಟಿ.

“ಬಾ ಕಣ್ಣು, ಕುಂತ್ಕೋ. ಕೋಪ ಆಮೇಲೆ ಪಡುವಂತೆ. ಮೊದ್ಲು ತಣ್ಣಿ ಕುಡಿ.”

ನಾನು ಕುಂತೆ. ಕೂರದೆ ಏನು ಮಾಡಲಿ? ಪಾಟಿ ಆಡಿದ್ದು ಕನ್ನಡ! ಪಾಟಿ ಮಗನನ್ನು ಕಾಫಿಗೆ ಹೇಳಲು ಒಳಗೆ ಕಳಿಸಿ ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು.

“ನಾವು ನೆಯ್ಗೆಯವರು. ಪಾಟನ್, ತಾತನ ಕಾಲದಿಂದ ಇಲ್ಲೇ. ಮನೇಲಿ ಕನ್ನಡ ತಾನ್ ಪೇಸೋದು. ಎಳುತ್ತು ಬರಲ್ಲ, ಓದಕ್ಕಾಗಲ್ಲ. ಬಾಯಲ್ಲಿ ಮಾತ್ರ ಐತೆ. ಅದೂ ನಮ್ಮ ಯಜಮಾನ್ರು ಹೋದ್ಮೇಲೆ ಯಾರ್ ಕೂಡ ಪೇಸೋದು? ಸೊಸೆ ತಮಿಳು. ಪೇರನ್, ಪೇತ್ತಿ, ಮೊಮ್ಮಕ್ಳೆಲ್ಲ ತಮಿಳು. ಇವನಿಗೆ ತಿಳೀತದೆ, ಪೇಸೋಕೆ ಕೂಚ್ಚ, ನಾಚ್ಕೆ.”

ಸೌಡಮ್ಮ. ನಮ್ಮ ಚೌಡಮ್ಮ! ಅವರ ವರಾಂಡದ ಕ್ಯಾಲೆಂಡರಿನಲ್ಲೇ ಆ ದೇವಿ ಕೂತಿದ್ದಾಳೆ. ಹಬ್ಬಕ್ಕೊಮ್ಮೆ ತಟ್ಟೆ ಹಿಡಿದು ಬಂದಾಗಲೆಲ್ಲ ನೋಡಿ ಕೈ ಮುಗಿದಿದ್ದೇನೆ. ಯೋಚಿಸಿರಲಿಲ್ಲ ಅಷ್ಟೇ.

ಆಮೇಲೆ ನನ್ನ ತಲೆ ಓಡತೊಡಗಿತು. ಹಿತ್ತಲಲ್ಲಿ, ಗೋಡೆಯ ಪಕ್ಕದಲ್ಲಿ, ಇಷ್ಟು ವರ್ಷ ನಾನೂ ಅತ್ತೆಯೂ ಏನೇನು ಮಾತಾಡಿದ್ದೇವೆ? ಅಯ್ಯೋ ದೇವರೇ.

“ಪಾಟಿ, ನಿಮಗೆ... ಎಲ್ಲಾ ಕೇಳಿಸ್ತಿತ್ತಾ?”

“ನಿಮ್ಮ ಮುರುಂಗೆ ಮರದ ನೆಳಲು ಈ ಪಕ್ಕನೂ ಬೀಳ್ತಿತ್ತಲ್ಲ. ದಿನಾ ಅಲ್ಲೇ ಸ್ಟೂಲ್ ಹಾಕ್ಕೊಂಡು ಕುಂತಿರ್ತಿದ್ದೆ. ಎನ್ ಮಗನ್ನ ಗಡಿಗೆ ಅಂದ್ರಿ. ಸರಿ, ತೊಪ್ಪೆ ಐತೆ ಅವನಿಗೆ, ಇಲ್ಲ ಅನ್ನಲ್ಲ,” ಎಂದು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದರು. ಆಮೇಲೆ ಹೇಳಿದರು. “ನಾನು ಕಾಲೈಲೆ ಪಾಡೋದು ಕೇಳಿ ನಿಮ್ಮತ್ತೆ, ಬಾಗ್ಲು ಕಿರುಗುಟ್ಟಿದಂಗೈತೆ ಅಂದ್ರು. ಅವತ್ತಿಂದ ಮನಸಲ್ಲೇ ಪಾಡ್ಕೋತೀನಿ.”

ನೆನಪಾಯಿತು. ಬೆಳಗ್ಗೆ ಗೋಡೆಯಾಚೆಯಿಂದ ದೇವರ ಹಾಡು ಕೇಳಿಸುತ್ತಿತ್ತು. ಒಂದು ದಿನ ನಿಂತೇಹೋಯಿತು. ‘ಅಜ್ಜಿಗೆ ಹುಷಾರಿಲ್ವೇನೋ’ ಎಂದು ಅತ್ತೆಯೇ ಮರುಗಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೇನೋ. ನನಗೆ ತುಂಬ ನಾಚಿಕೆಯಾಯಿತು. ಗೋಡೆ ದಾಟಿದ ಕೊಂಬೆಗಾಗಿ ಜಗಳಕ್ಕೆ ಬಂದವಳು ನಾನು. ಗೋಡೆ ದಾಟಿದ ಮಾತಿಗೆ ಯಾರು ಬರಬೇಕು?

“ಮೊದಲ ದಿನವೇ ಹೇಳಬಾರದಿತ್ತಾ, ನನಗೂ ಕನ್ನಡ ಬರುತ್ತೆ ಅಂತ?”

“ಸೊಲ್ಲಿದ್ರೆ ನೀವು ಪೇಸೋದ್ ನಿಲ್ಲಿಸ್ಬಿಡ್ತಿದ್ರಿ,” ಎಂದರು ಪಾಟಿ. “ಆಮೇಲೆ ನಾನೆಲ್ಲಿ ಹೋಗಿ ಕೇಳ್ಲಿ?”

ಇದನ್ನೆಲ್ಲ ಮಗನಿಗೂ ಹೇಳಿದ್ದೀರಾ ಎಂದು ಹೆದರುತ್ತಲೇ ಕೇಳಿದೆ.

“ಸೊಲ್ಲುವೆನಾ? ಮನೆ ಮಾತು ಮನೆ ಒಳಗೆ ಇರಬೇಕು ಕಣ್ಣು. ನಿಮ್ಮನೆ ಮಾತೂ ಅಷ್ಟೇ. ಶನಿಕ್ಕಿಳಮೆ ನೀವು ಇರಲ್ಲ ಅಂತ, ಅದೊಂದ್ ತಾನ್ ಸೊಲ್ಲಿದ್ದು. ಜಗಳ ಬೇಡ, ನೀವು ಇಲ್ದಾಗ ಒಂದು ಕೊಂಬೆ ತೆಗೆಸ್ತೀನಿ ಅಂದ. ಆ ಆಳು ಮೆಟ್ಟಿಲ ಮೇಲ್ ನಿಂತು ಕೈಗೆ ಎಟಕಿದ್ದೆಲ್ಲ ಕಡ್ದುಬಿಟ್ಟ. ತಪ್ಪು ನಂದೇ.”

ಅಷ್ಟರಲ್ಲಿ ಕಾಫಿ ಬಂತು. ಹಿಂದೆಯೇ ಕುಮರೇಸನ್ ಬಂದರು. ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ನಾನೂ ಕಣ್ಣೊರೆಸಿಕೊಂಡು, ಲೋಟ ಕೆಳಗಿಟ್ಟು, ಮನೆಗೆ ಬಂದುಬಿಡಬಹುದಿತ್ತು. ಬರಲಿಲ್ಲ. ಭಾಷೆ ಒಂದೇ ಆಯಿತು ಎಂದು ಮೆಟ್ಟಿಲಿಗೆ ಕಣ್ಣು ಕಾಣದಂತಾಗುತ್ತದೆಯೇ? ಒಳ್ಳೆಯವರ ಮನೆಯ ಮೆಟ್ಟಿಲಿನಿಂದಲೂ ನಮ್ಮ ಬಚ್ಚಲು ಅಷ್ಟೇ ಚೆನ್ನಾಗಿ ಕಾಣುತ್ತದೆ. ಅತ್ತೆ ಇನ್ನೂ ಫ್ಯಾನಿನ ಕೆಳಗೇ ಇದ್ದರು.

“ಆ ತಿರುವಿಗೆ ಆಳೆತ್ತರ ನೆಟ್ ಕಟ್ಟಿಸಿ,” ಎಂದೆ. ಇಲ್ಲಿನ ತೋಟಗಳಲ್ಲಿ ನೆರಳಿಗೆ ಕಟ್ಟುತ್ತಾರಲ್ಲ, ಆ ಹಸಿರು ನೆಟ್.

“ಏನುಂಗ ಅಕ್ಕಾ, ಹೊಸ ಮನೆ. ನೋಡೋಕೆ ಚೆನ್ನಾಗಿರಲ್ಲ,” ಎಂದು ತಮಿಳಿನಲ್ಲಿ ರಾಗ ಎಳೆದರು ಕುಮರೇಸನ್. ಆಮೇಲೆ ಅವರ ದೂರೂ ಹೊರಗೆ ಬಂತು. ಮಳೆ ಹಿಡಿದಾಗ ನಮ್ಮ ನುಗ್ಗೆಯಿಂದ ಕಂಬಳಿಹುಳು ಅವರು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದಂತೆ. ಮಗಳ ಕುತ್ತಿಗೆ ಪೂರ್ತಿ ದದ್ದು ಎದ್ದು ಅವಳು ಸ್ಕೂಲಿಗೇ ಹೋಗಿಲ್ಲವಂತೆ. “ಸಾರ್ ಹತ್ತಿರ ಎಷ್ಟೋ ಸಲ ಹೇಳಿದೆ ಅಕ್ಕಾ, ವಾಕಿಂಗ್‌ನಲ್ಲಿ. ನೋಡೋಣ, ನೋಡೋಣ ಅಂದರು.”

ಕ್ರಿಕೆಟ್ಟಂತೆ! ನಮ್ಮ ಶಾಂತಿಪ್ರಿಯರು ಎರಡೂ ಮನೆಯ ಶಾಂತಿಗಾಗಿ ಆ ದೂರನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದಾರೆ. ಆಗಲೇ ಅವರು ಬಾಯಿ ಬಿಟ್ಟಿದ್ದರೆ ಮರವೂ ಉಳಿಯುತ್ತಿತ್ತು, ಮಗುವಿನ ಕುತ್ತಿಗೆಯೂ. ಗಂಡನ ಪರವಾಗಿ ಆ ಮಗುವಿನ ಹತ್ತಿರ ಕ್ಷಮೆ ಕೇಳಿದೆ. ಇನ್ನು ಗೋಡೆಯಾಚೆ ಹೋದ ಕೊಂಬೆಯನ್ನು ನಾವೇ ತೆಗೆಸುತ್ತೇವೆ, ಹುಳ ಬಂದರೆ ನಾವೇ ಆಳು ಕರೆಸುತ್ತೇವೆ ಎಂದೆ. ಆದರೆ ಕತ್ತಿ ಎತ್ತುವ ಮೊದಲು ನಮ್ಮ ಮನೆಯ ಬೆಲ್ ಒತ್ತಬೇಕು. ಮತ್ತೆ, ನೆಟ್ ಕಟ್ಟಲೇಬೇಕು.

ಅವರು ಗಾಳಿ ಬರುವುದಿಲ್ಲ ಎಂದರು. ನಾನು ಎರಡನೇ ಲೋಟ ಕಾಫಿ ಕೇಳಿದೆ. ಬಾಡಿಗೆಯವರನ್ನು ಕೇಳಬೇಕು ಎಂದರು. ಕರೆಯಿರಿ, ಕಾಯುತ್ತೇನೆ ಎಂದೆ.

“ಕಟ್ಟು ಕುಮಾರಾ,” ಎಂದರು ಪಾಟಿ. “ಆ ಮೆಟ್ಟಿಲ್ ಪಡಿ ನನ್ನನ್ನೂ ತಾನ್ ನೋಡ್ತದೆ. ನಿಂಗೆ ಸೊಲ್ಲೋಕೆ ಕೂಚ್ಚ ಆಗಿ ಸುಮ್ಕಿದ್ದೆ.”

ಕುಮರೇಸನ್ ತಾಯಿಯ ಮುಖ ನೋಡಿದರು. ಆಮೇಲೆ ಅಳತೆಗೆಂದು ಮೆಟ್ಟಿಲು ಹತ್ತಿದರು. ಆ ವಾರದಲ್ಲೇ ನೆಟ್ ಬಂತು. ನೋಡಲು ಚೆನ್ನಾಗಿಲ್ಲ, ಅವರು ಹೇಳಿದ್ದು ನಿಜ.

ಅತ್ತೆಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ. “ಬಾಗ್ಲು ಕಿರುಗುಟ್ಟೋದೂ ಕೇಳಿಸ್ಬಿಟ್ತಾ?” ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ, ನೆಟ್ ಬರುವ ಮೊದಲೇ, ತಲೆ ತುಂಬ ಸೆರಗು ಹೊದ್ದು ಹಿತ್ತಲಿಗೆ ಹೋಗಿ ಗೋಡೆಯ ಹತ್ತಿರ ನಿಂತರು. ನಾನು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡೆ. (ಕಿಟಕಿ ನಮ್ಮದೇ, ಕಿವಿಯೂ ನನ್ನದೇ.)

“ಏನ್ರೀ, ನಿಮ್ಮ ಹಾಡು ನಿಲ್ಸಿದ್ದು ನಾನಂತೆ. ನನ್ನ ನಾಲಿಗೆಗೆ ಬುದ್ಧಿಯಿಲ್ಲ. ಮನಸ್ಸಿಗೆ ಇಟ್ಕೋಬೇಡಿ, ಮತ್ತೆ ಹಾಡ್ರಿ.”

ಆ ಕಡೆಯಿಂದ ಪಾಟಿಯ ದನಿ ಬಂತು. “ನಾಳೆ ಪಾಡ್ತೀನಿ. ಬಾಗ್ಲಿಗೆ ಎಣ್ಣೆ ಬಿಡಬೇಕು ಮೊದ್ಲು.”

ಈಗ ನುಗ್ಗೆ ಚಿಗುರಿದೆ. ಕಡಿದ ತುದಿಗಳು ಕೊಳೆಯಬಾರದೆಂದು ಪಾಟಿ ಗೋಡೆಯಾಚೆಯಿಂದ ಅಪ್ಪಣೆ ಮಾಡಿ, ವಡವಳ್ಳಿಯ ಬೀದಿಯಲ್ಲಿ ಸಗಣಿ ಹುಡುಕಿ ತರಿಸಿ, ನನ್ನ ಗಂಡನ ಕೈಯಲ್ಲೇ ಮೆತ್ತಿಸಿದರು. ಅವರು ಗೊಣಗದೆ ಮೆತ್ತಿದರು. ಬೆಳಗ್ಗೆ ಹಾಡು ಕೇಳಿಸುತ್ತದೆ. ಬಾಗಿಲು ಕಿರುಗುಟ್ಟುವುದು ನಿಜವೇ, ಆದರೆ ಅತ್ತೆ ಅದಕ್ಕೆ ತಾಳ ಹಾಕುತ್ತಾರೆ. ಅವರ ಕುರ್ಚಿ ಹಿತ್ತಲಿಗೆ ಮರಳಿದೆ, ಗೋಡೆಗೆ ಇನ್ನೂ ಒಂದು ಗೇಣು ಹತ್ತಿರವಾಗಿದೆ. ಈಚೆಯಿಂದ ತುಮಕೂರಿನ ಕನ್ನಡ, ಆಚೆಯಿಂದ ಕೊಯಮತ್ತೂರಿನ ಕನ್ನಡ. ಗಂಟೆಗಟ್ಟಲೆ ನಡೆಯುತ್ತದೆ. ಸೊಸೆಯಂದಿರ ವಿಷಯವೂ ಬರುತ್ತದೆ ಎಂದು ನನ್ನ ಬಲವಾದ ಅನುಮಾನ.

ಏಕೆಂದರೆ ನಾನು ಬಟ್ಟೆ ಬಕೆಟ್ ಹಿಡಿದು ಹಿತ್ತಲಿಗೆ ಕಾಲಿಟ್ಟರೆ ಸಾಕು, ಇಬ್ಬರೂ ಮಾತು ನಿಲ್ಲಿಸುತ್ತಾರೆ. ಅತ್ತೆ ನನ್ನ ಮುಖ ನೋಡುತ್ತಾರೆ, ನಾನು ಒಳಗೆ ಹೋಗುವುದನ್ನು ಕಾಯುವವರ ಹಾಗೆ.

ಅವರಿಗೆ ಪ್ರೈವೆಸಿ ಬೇಕು ಎಂದು ಹಟ ಹಿಡಿದವಳು ನಾನೇ ಅಲ್ಲವೇ?