ಬೆವರುತ್ತಿದ್ದ ಬೆಣಚುಕಲ್ಲು

ಶಕುನ, ಪವಾಡ, ಹರಕೆ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಹೋಗುವ ಪೈಕಿ ನಾನು. ಅಂಥ ಕಥೆ ಹೇಳುವವರನ್ನು ನಡುವೆಯೇ ತಡೆದು, “ನೀವೇ ಕಣ್ಣಾರೆ ಕಂಡಿರಾ?” ಎಂದು ಕೇಳಿ ಬಾಯಿ ಮುಚ್ಚಿಸುವುದರಲ್ಲಿ ನನಗೊಂದು ಖುಷಿಯೂ ಇತ್ತು. ಆದ್ದರಿಂದ ಈಗ ನಾನು ಬರೆಯುತ್ತಿರುವುದನ್ನು ಓದಿ ಯಾರಾದರೂ ನಕ್ಕರೆ ಬೇಸರವಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ವಿಚಿತ್ರಗಳೆಲ್ಲ ಅಮಾವಾಸ್ಯೆಯ ರಾತ್ರಿ ಹುಣಸೆಮರದ ಕೆಳಗೇ ನಡೆಯಬೇಕೆಂದು ಯಾರು ಗೊತ್ತು ಮಾಡಿದರೋ ಕಾಣೆ. ನನಗಾದದ್ದು ದಾವಣಗೆರೆಯ ಮಟಮಟ ಮಧ್ಯಾಹ್ನದಲ್ಲಿ, ನಮ್ಮದೇ ಮನೆಯ ನಡುಮನೆಯಲ್ಲಿ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ.ಗೆ ಸೇರಿ ಜಿಯಾಲಜಿ ತೆಗೆದುಕೊಂಡಿದ್ದೆ. ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟಿದ್ದ ಅಪ್ಪನಿಗೆ ಆ ಹೆಸರು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ. “ನಮ್ಮ ಹುಡುಗ ಕಲ್ಲು ಓದ್ತಾನ್ರಿ” ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅದು ಹೆಮ್ಮೆಯೋ ಕೊರಗೋ ತಿಳಿಯುತ್ತಿರಲಿಲ್ಲ. ನನಗಂತೂ ಆ ವಿಷಯದ ಹುಚ್ಚು ಹತ್ತಿತ್ತು. ಬಂಡೆ ಬಿಸಿಲಿಗೆ ಒಡೆಯುವುದು, ಹೊಳೆ ಕಲ್ಲನ್ನು ಉರುಳಿಸಿ ಉರುಳಿಸಿ ನುಣ್ಣಗೆ ಮಾಡುವುದು, ಮಳೆನೀರು ನೆಲದೊಳಗೆ ಇಳಿದು ಸಂದಿನಲ್ಲಿ ನಿಲ್ಲುವುದು, ಇವನ್ನೆಲ್ಲ ಓದಿದ ಮೇಲೆ ಲೋಕದಲ್ಲಿ ಕಾರಣವಿಲ್ಲದ್ದು ಯಾವುದೂ ಇಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಹಿತ್ತಲಲ್ಲಿ ಅವ್ವ ಮಸಾಲೆ ರುಬ್ಬುವಾಗ ಪಕ್ಕದಲ್ಲಿ ನಿಂತು ಒರಳುಕಲ್ಲಿನ ಹುಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದೆ. “ಮೊದ್ಲು ಆಚೆ ಸರಿ, ಖಾರ ಕಣ್ಣಿಗೆ ಸಿಡೀತೈತೆ” ಎನ್ನುತ್ತಿದ್ದಳು.

ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ನಮ್ಮ ಮೇಷ್ಟ್ರು ಇಡೀ ತರಗತಿಯನ್ನು ರೈಲಿನಲ್ಲಿ ಹರಿಹರಕ್ಕೆ ಕರೆದೊಯ್ದರು. ಹೊಳೆ ಇಳಿದು ಮರಳು, ಕಲ್ಲು ಎಲ್ಲ ಬಯಲಾಗಿತ್ತು. ಒಬ್ಬೊಬ್ಬರೂ ಹೊಳೆ ಸವೆಸಿದ ಕಲ್ಲುಗಳನ್ನು ಆರಿಸಿ, ಅವುಗಳ ಹೆಸರು, ಗುಣ ಬರೆದು ತರಬೇಕು ಎಂಬುದು ಅವರ ಅಪ್ಪಣೆ. ನನಗೆ ಕೋಳಿಮೊಟ್ಟೆಗಿಂತ ತುಸು ದೊಡ್ಡದಾದ ಒಂದು ಬೆಣಚುಕಲ್ಲು ಸಿಕ್ಕಿತು. ಬಿಳಿಯ, ನುಣುಪಾದ, ಎಲ್ಲೂ ಒಂದು ಬಿರುಕಿಲ್ಲದ ಕಲ್ಲು. ಒಂದು ಮಗ್ಗುಲಲ್ಲಿ ಮಾತ್ರ ಹಳದಿ ಕಲೆ. ಕಲ್ಲಿನಲ್ಲಿ ಕಬ್ಬಿಣದ ಅಂಶವಿದ್ದರೆ ತುಕ್ಕು ಹಿಡಿದು ಇಂಥ ಬಣ್ಣ ಬರುತ್ತದೆಂದು ಹಿಂದಿನ ವಾರವಷ್ಟೇ ಓದಿದ್ದೆ. ಚೀಟಿಯ ಮೇಲೆ ಹಾಗೆಯೇ ಬರೆದು ಅಂಟಿಸಿದೆ.

ಮರುದಿನ ಲ್ಯಾಬಿನಲ್ಲಿ ಮೇಷ್ಟ್ರು ಆ ಕಲ್ಲನ್ನು ಕೈಗೆತ್ತಿಕೊಂಡು, ಒದ್ದೆ ಬೆರಳಿನಿಂದ ಕಲೆಯನ್ನು ಉಜ್ಜಿ, ಮೂಸಿ ನೋಡಿದರು.

“ತಮ್ಮಾ, ಇದು ಕಬ್ಬಿಣ ಅಲ್ಲೋ. ಅರಿಶಿನ! ಯಾರೋ ಬಾಣಂತಿ ಗಂಗೆಪೂಜೆ ಮಾಡಿ ಹೋಗಿದಾಳೆ. ಇದನ್ನ ಇಲ್ಲಿ ಇಡಾದು ಬ್ಯಾಡ, ನಿಮ್ಮ ಅಡುಗೆಮನ್ಯಾಗೆ ಇಟ್ಕೋ.”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಹೆರಿಗೆಯಾದ ಹೆಂಗಸು ಮೊದಲ ಸಲ ನೀರಿಗೆ ಹೋದಾಗ, ದಡದಲ್ಲಿ ಐದು ಕಲ್ಲು ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಗಂಗಮ್ಮನೆಂದು ಪೂಜಿಸಿ, ಕಲ್ಲುಗಳನ್ನು ಅಲ್ಲೇ ಬಿಟ್ಟು ಬರುತ್ತಾಳೆ. ಹುಟ್ಟಿದಾಗಿನಿಂದ ನೋಡಿದ ಸಂಗತಿ. ಆದರೂ ಕೈಗೆ ಕಲ್ಲೊಡೆಯುವ ಸುತ್ತಿಗೆ ಬಂದ ಮೇಲೆ ನನಗೆ ಅರಿಶಿನವೂ ಖನಿಜವಾಗಿ ಕಂಡಿತ್ತು. ವರ್ಷ ಮುಗಿಯುವವರೆಗೂ ಗೆಳೆಯರು ನನ್ನನ್ನು ಅರಿಶಿನಪ್ಪ ಎಂದೇ ಕರೆದರು. ಮೇಷ್ಟ್ರು ಬೇಡವೆಂದ ಕಲ್ಲನ್ನು ಮನೆಗೆ ತಂದು, ಹಾಳೆ ಹಾರದಂತೆ ಒತ್ತಿಡಲು ಇಟ್ಟುಕೊಂಡೆ.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಗಿರಿಜಕ್ಕ ಇದ್ದಳು. ನನ್ನ ಒಬ್ಬಳೇ ಅಕ್ಕ. ಕೊಕ್ಕನೂರಿಗೆ ಕೊಟ್ಟಿದ್ದೆವು, ಹೆರಿಗೆಗೆಂದು ಬಂದಿದ್ದಳು. ಹಿಂದೆ ಎರಡು ಬಸಿರು ಕೈಗೆ ಹತ್ತಿರಲಿಲ್ಲ. ಒಂದು ಏಳು ತಿಂಗಳಲ್ಲೇ ಹೋಗಿತ್ತು, ಇನ್ನೊಂದು ಹುಟ್ಟುವಾಗಲೇ ಉಸಿರಿಲ್ಲದೆ ಹುಟ್ಟಿತ್ತು. ಈ ಸಲವೂ ಹಾಗಾದರೆ ಮಗನಿಗೆ ಬೇರೆ ಹೆಣ್ಣು ನೋಡುವುದಾಗಿ ಅವಳ ಅತ್ತೆ ಊರೆಲ್ಲ ಕೇಳುವಂತೆ ಹೇಳಿಯಾಗಿತ್ತು. ಅಕ್ಕ ಆ ಮಾತನ್ನು ನಮ್ಮೆದುರು ಒಮ್ಮೆಯೂ ಎತ್ತಲಿಲ್ಲ. ಆದರೆ ಕೂಸಿಗೆಂದು ಒಂದು ಕುಲಾವಿ ಹೊಲಿಯಲೂ ಅವಳು ಒಪ್ಪಲಿಲ್ಲ. ಅವ್ವ ಬಟ್ಟೆ ತೆಗೆದರೆ, “ಆಮ್ಯಾಲೆ ನೋಡಿದ್ರಾತು ಬಿಡವ್ವ” ಎನ್ನುತ್ತಿದ್ದಳು. ಅವ್ವ ಬಟ್ಟೆಯನ್ನು ಮಡಚಿ ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದಳು.

ಕಲ್ಲು ಬಂದು ನಾಲ್ಕಾರು ದಿನಗಳಾಗಿರಬೇಕು. ಅದರ ಕೆಳಗಿನ ಹಾಳೆ ಒದ್ದೆಯಾಗಿತ್ತು. ಯಾರೋ ನೀರು ಚೆಲ್ಲಿದ್ದಾರೆಂದು ಒರೆಸಿದೆ. ಮರುದಿನವೂ ಒದ್ದೆ. ಕಲ್ಲಿನ ಮೈತುಂಬ ಸಣ್ಣ ಹನಿ, ಬೆವರಿದಂತೆ. ಅದೇ ಹೊಳೆಯಿಂದ ತಂದ ಬೇರೆ ಕಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಅವು ಒಣಗಿಯೇ ಇದ್ದವು. ಶಾಯಿಹೀರುವ ಕಾಗದದ ಮೇಲೆ ಇಟ್ಟೆ, ಕಾಗದ ಹಸಿಯಾಯಿತು. ಮೇಷ್ಟ್ರನ್ನು ಕೇಳಿದಾಗ, ಕಲ್ಲಿಗೆ ಉಪ್ಪು ಹತ್ತಿದ್ದರೆ ಗಾಳಿಯ ತೇವ ಹೀರುತ್ತದೆ ಎಂದರು. ನೆಕ್ಕಿ ನೋಡಿದೆ, ಉಪ್ಪಿನ ಸುಳಿವಿರಲಿಲ್ಲ. ತಣ್ಣಗಿದ್ದರೆ ಇಬ್ಬನಿ ಕೂಡುತ್ತದೆ ಎಂದರು. ಹಪ್ಪಳ ಹಾಕಿದರೆ ಹೊತ್ತೇರುವುದರೊಳಗೆ ಕಟಕಟ ಒಣಗುವ ಬೇಸಿಗೆ ಅದು, ಇಬ್ಬನಿ ಎಲ್ಲಿಂದ ಬರಬೇಕು? ಬಂದರೂ ಒಂದೇ ಕಲ್ಲಿನ ಮೇಲೆ ಯಾಕೆ? ಬೆಣಚುಕಲ್ಲು ನೀರು ಕುಡಿಯುವ ಕಲ್ಲೂ ಅಲ್ಲ. ಪರೀಕ್ಷೆ ಮುಗಿದ ಮೇಲೆ ಕೊಯ್ದು ನೋಡಿದರಾಯಿತು ಎಂದು ಮೇಷ್ಟ್ರು ಅಲ್ಲಿಗೇ ಬಿಟ್ಟರು.

ಈ ನಡುವೆ ಕಲ್ಲು ನನ್ನ ಕೈತಪ್ಪಿ ಅಕ್ಕನ ಪಾಲಾಯಿತು. ಬಿಸಿಲಿನ ಝಳಕ್ಕೆ ಅವಳಿಗೆ ತಲೆಸಿಡಿತ. “ನಿನ್ನ ಕಲ್ಲು ಎಷ್ಟ್ ತಣ್ಣಗೈತೋ, ನನಗೇ ಇರ್ಲಿ” ಎಂದು ಹಣೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಬೇಡವಾದಾಗ ನಡುಮನೆಯ ಗೋಡೆಗೂಡಿನಲ್ಲಿ, ಆ ಶಾಯಿಹೀರುವ ಕಾಗದದ ಮೇಲೆಯೇ ಇಡುತ್ತಿದ್ದಳು. ಅಕ್ಕ ಒದ್ದೆಬಟ್ಟೆಯಿಂದ ಒರೆಸುತ್ತಾಳೆಂದು ಅವ್ವ ತಿಳಿದಿದ್ದಳು. ನಾನೇ ಏನೋ ಪ್ರಯೋಗಕ್ಕೆಂದು ನೀರು ಹಾಕುತ್ತೇನೆಂದು ಅಕ್ಕ ತಿಳಿದಿದ್ದಳು. ನಾನು ಮಾತ್ರ ಕಾಲೇಜಿಗೆ ಹೋಗುವಾಗ ಬರುವಾಗ ಒಮ್ಮೆ ಅದನ್ನು ಮುಟ್ಟಿ ನೋಡುತ್ತಿದ್ದೆ. ಅದೊಂದು ಚಟವಾಗಿತ್ತು.

ಆ ದಿನ ಬೆಳಗ್ಗೆ ಸೂಲಗಿತ್ತಿ ಹನುಮಕ್ಕ ಬಂದು ಅಕ್ಕನ ಹೊಟ್ಟೆ ಮುಟ್ಟಿ, ಇನ್ನೂ ಹದಿನೈದು ದಿನಕ್ಕೆ ಮೋಸವಿಲ್ಲ ಎಂದು ಹೇಳಿ, ಅವಲಕ್ಕಿ ತಿಂದು ಹೋಗಿದ್ದಳು. ಅವ್ವ ನಿರಾಳವಾಗಿದ್ದಳು. ನಾನು ಎದ್ದವನೇ ಕಲ್ಲನ್ನೂ ಮುಟ್ಟದೆ ಅವಸರದಲ್ಲಿ ಕಾಲೇಜಿಗೆ ಓಡಿದ್ದೆ. ಮಧ್ಯಾಹ್ನ ಗಿರಣಿಯ ಸೈರನ್ ಕೂಗುವ ಹೊತ್ತಿಗೆ ಊಟಕ್ಕೆ ಬಂದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗೂಡಿನ ಕಡೆ ಕೈಚಾಚಿದೆ. ಕಲ್ಲು ಒಣಗಿತ್ತು. ಬರೀ ಒಣಗಿದ್ದಷ್ಟೇ ಅಲ್ಲ, ಬೆಚ್ಚಗೂ ಇತ್ತು. ಕೆಳಗಿನ ಕಾಗದ ಒಣಗಿ ಅಂಚು ಮಡಚಿಕೊಂಡಿತ್ತು.

ಬಿಸಿಲು ಜಾಸ್ತಿಯಾಗಿದೆ, ಅಷ್ಟೇ ಎಂದುಕೊಂಡು ಎಲೆಯ ಮುಂದೆ ಕುಳಿತೆ. ಕಣ್ಣು ಮತ್ತೆ ಮತ್ತೆ ಅಕ್ಕನ ಬೆನ್ನಿನ ಕಡೆಗೇ ಹೋಯಿತು. ಇದನ್ನು ಹೇಗೆ ಹೇಳಲಿ? ನನಗೆ ಭಯವಾಯಿತು. ಅಂಥ ಭಯ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಕೈ ತೊಳೆದು ಎದ್ದು, ಅಕ್ಕನನ್ನು ಈಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದೆ.

“ಯಾಕ? ಏನಾತು?” ಅವ್ವ ಗಾಬರಿಯಾದಳು.

“ಏನಿಲ್ಲ, ಒಂದ್ಸಲ ತೋರಿಸ್ಕೊಂಡು ಬರಾನ.”

“ಹನುಮಕ್ಕ ಈಗಿನ್ನ ನೋಡಿ ಹೋಗಿದಾಳೆ. ಕಲ್ಲು ಓದೋನಿಗೆ ಹೆರಿಗೆ ಬ್ಯಾರೆ ಗೊತ್ತಾಗ್ತತೇನು? ಸುಮ್ಕೆ ಉಣ್ಣು.”

ಕಲ್ಲು ಒಣಗಿದೆ ಎಂದು ಯಾವ ಬಾಯಿಂದ ಹೇಳಲಿ? ಶಕುನ ನೋಡುವವರನ್ನು ಆಡಿಕೊಳ್ಳುತ್ತಿದ್ದ ಬಾಯಿ ಅದು. ಹೇಳಿದ್ದರೆ ಅವ್ವ ನಂಬುತ್ತಿದ್ದಳೇನೋ, ಹೇಳಲು ನನಗೇ ಆಗಲಿಲ್ಲ. ಬೀದಿಗೆ ಹೋಗಿ ಟಾಂಗಾ ಕರೆತಂದು ಬಾಗಿಲಿಗೆ ನಿಲ್ಲಿಸಿದೆ. ಅವ್ವ ಬಯ್ಯಲು ಶುರು ಮಾಡಿದಳು. ಅಕ್ಕ ಮಾತ್ರ ಒಂದು ಮಾತೂ ಕೇಳದೆ ಎದ್ದು, ಸೆರಗು ಹೊದ್ದು, ಬಂದು ಟಾಂಗಾದಲ್ಲಿ ಕುಳಿತಳು. ಅವಳೇ ಕೂತ ಮೇಲೆ ಅವ್ವ ಗೊಣಗುತ್ತ ಹತ್ತಿದಳು.

ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದಾಗ ಅವರ ಮುಖ ಗಂಟಿಕ್ಕಿತ್ತು. “ಕೂಸಿನ ಸುತ್ತಲ ನೀರೆಲ್ಲಾ ಹೋಗ್ಬಿಟ್ಟೈತಲ್ರಿ. ಎರಡು ದಿನದಿಂದ ಸೋರಿ ಸೋರಿ ಈಗ ಒಳಗೆ ಏನೂ ಉಳಿದಿಲ್ಲ. ಕೂಸಿನ ಎದೆಬಡಿತ ಇಳೀತಾ ಐತೆ. ನೋವು ಬರೋ ತನಕ ಕಾಯಂಗಿಲ್ಲ” ಎಂದರು. ಅಂಗಡಿಯಿಂದ ಅಪ್ಪನನ್ನು ಕರೆಸಿ ರುಜು ಹಾಕಿಸಿದೆವು. ಆಪರೇಷನ್ ಆಯಿತು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಕೂಸು ಅಳುವುದು ಕೇಳಿತು. ಹೆಣ್ಣುಮಗು. ಅಪ್ಪ ಟವಲಿನಿಂದ ಕಣ್ಣೊರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ, ಅತ್ತುಬಿಟ್ಟೆ.

“ಇವತ್ತು ಬಿಟ್ಟಿದ್ರೆ ಕೂಸು ಸಿಗ್ತಿರಲಿಲ್ಲ. ಹೆಂಗೆ ಗೊತ್ತಾತು ನಿಮಗೆ?” ಎಂದು ಡಾಕ್ಟರು ಕೇಳಿದಾಗ ಅವ್ವ ನನ್ನತ್ತ ನೋಡಿದಳು. ಅಕ್ಕನ ಮುಖ ಬಾಡಿದಂತಿತ್ತು ಎಂದು ಹೇಳಿ ಪಾರಾದೆ. ನಿಜ ಹೇಳಬೇಕೆಂದರೆ ನಾನು ಅಕ್ಕನ ಮುಖವನ್ನು ನೋಡಿರಲೇ ಇಲ್ಲ.

ಬಾಣಂತನದ ಕೋಣೆಯಲ್ಲಿ ಒಂದು ದಿನ ನಾವಿಬ್ಬರೇ ಇದ್ದಾಗ ಅಕ್ಕ ತಾನಾಗಿಯೇ ಹೇಳಿದಳು. ನೀರು ಸೋರುವುದು ಅವಳಿಗೆ ತಿಳಿದಿತ್ತು. ತುಂಬಿದ ಬಸುರಿಗೆ ಹಾಗೆಲ್ಲ ಆಗುತ್ತದೆ, ಹೇಳಿಕೊಳ್ಳಲು ನಾಚಿಕೆ ಎಂದು ಸುಮ್ಮನಿದ್ದಳಂತೆ. ಆಮೇಲೆ ದನಿ ತಗ್ಗಿಸಿ, “ನೀನು ಟಾಂಗಾ ತಂದಾಗ ಯಾಕೆ ಅಂತ ನಾನು ಕೇಳ್ಲಿಲ್ಲ ನೋಡು. ಅವತ್ತು ಬೆಳಗ್ಗೆ ಆ ಕಲ್ಲು ಹಣೆಗೆ ಇಟ್ಕಣಾಕೆ ತಗಂಡೆ. ಒಣಗಿತ್ತು. ಅವಾಗಿಂದ ನನಗೆ ಎದಿ ಹೊಡ್ಕಳ್ತಿತ್ತು ಕಣೋ” ಎಂದಳು. ಅದಕ್ಕೆ ನೀರು ಹಾಕುತ್ತಿದ್ದವನು ನಾನಲ್ಲ ಎಂದು ಆಗ ಹೇಳಿದೆ. ತಾನೂ ಹಾಕಿರಲಿಲ್ಲ ಎಂದು ಅವಳು ಕೂಸಿನ ತಲೆ ಮುಟ್ಟಿ ಹೇಳಿದಳು.

ಆ ಕಲ್ಲು ಮತ್ತೆ ಒದ್ದೆಯಾಗಲಿಲ್ಲ. ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಕಾಕತಾಳೀಯ ಎಂದರು, ಆದರೆ ಈ ಸಲ ನಗಲಿಲ್ಲ. ಕೊಯ್ದು ನೋಡೋಣ, ತಾ ಎಂದರು. ನಾನು ಒಯ್ಯಲಿಲ್ಲ. ಅಕ್ಕನಿಗೆ ಓಡಾಡುವಂತಾದ ಮೇಲೆ ಅವಳ ಗಂಗೆಪೂಜೆಗೆ, ಕೊಕ್ಕನೂರಿನಿಂದ ಬಂದ ಅವಳ ಅತ್ತೆಯೂ ಸೇರಿ, ಎಲ್ಲರೂ ಹರಿಹರಕ್ಕೆ ಹೋದೆವು. ಅವ್ವ ದಡದಲ್ಲಿ ನಾಲ್ಕೇ ಕಲ್ಲು ಆರಿಸಿದಳು. ಐದನೆಯದನ್ನು ಅಕ್ಕ ಸೆರಗಿನ ಗಂಟಿನಿಂದ ಬಿಚ್ಚಿ ಇಟ್ಟಳು. ಅರಿಶಿನ ಹಚ್ಚಿ, ಪೂಜೆ ಮಾಡಿ, ಎಲ್ಲವನ್ನೂ ಅಲ್ಲೇ ಬಿಟ್ಟು ಬಂದೆವು. ಬಸ್ಸಿನಲ್ಲಿ ಅಕ್ಕನ ಅತ್ತೆಯೇ ಮೊಮ್ಮಗಳನ್ನು ಎತ್ತಿಕೊಂಡು ಕುಳಿತಿದ್ದರು, ಯಾರ ಕೈಗೂ ಕೊಡಲಿಲ್ಲ.

ಮುಂದೆ ನಾನೂ ಕಾಲೇಜಿನಲ್ಲಿ ಜಿಯಾಲಜಿ ಮೇಷ್ಟ್ರಾದೆ. ಕಲ್ಲಿನ ಬಗ್ಗೆ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ. ಆ ಒಂದು ಕಲ್ಲಿಗೆ ಕಾರಣ ಹುಡುಕಿದಾಗೆಲ್ಲ ಅರ್ಧ ದಾರಿಗೆ ಬಂದು ನಿಲ್ಲುತ್ತೇನೆ. ಒದ್ದೆಯಾಗಿದ್ದಕ್ಕೆ ಏನೋ ಒಂದು ಕಾರಣ ಸಿಗಬಹುದು. ಅದು ಆ ದಿನವೇ ಯಾಕೆ ಒಣಗಿತು, ಒಣಗಿದ್ದಕ್ಕೆ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಯಾಕೆ ಹೆದರಿದೆವು, ನನಗೆ ಗೊತ್ತಿಲ್ಲ.

ನನ್ನ ವಿದ್ಯಾರ್ಥಿಗಳನ್ನೂ ವರ್ಷ ವರ್ಷ ಅದೇ ದಡಕ್ಕೆ ಕರೆದೊಯ್ಯುತ್ತಿದ್ದೆ. ಯಾವ ಕಲ್ಲನ್ನಾದರೂ ಆರಿಸಿಕೊಳ್ಳಿ, ಹಳದಿ ಹಚ್ಚಿದ್ದನ್ನು ಮಾತ್ರ ಮುಟ್ಟಬೇಡಿ ಎನ್ನುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ, “ಯಾಕ ಸಾರ್, ಕಬ್ಬಿಣ ಇರೋದಕ್ಕಾ?” ಎಂದು ಕೇಳಿದಳು.

ಅದು ಕಬ್ಬಿಣ ಅಲ್ಲ ಎಂದೆ. ಅಂದು ನನಗೆ ಸಿಕ್ಕಿದ್ದ ಆ ಕಲ್ಲಿನ ಬಗ್ಗೆ ಖಚಿತವಾಗಿ ಗೊತ್ತಿರುವುದು ಇಂದಿಗೂ ಅಷ್ಟೇ.