ಸುಣ್ಣ ಅಂದುಕೊಂಡಿದ್ದು

ನನ್ನ ಫೋನಿನಲ್ಲಿ ಅಮ್ಮನ ಎರಡು ಫೋಟೊ ಇವೆ. ಎರಡೂ ಒಂದೇ ಫೋಟೊ. ಒಂದರಲ್ಲಿ ಅವಳ ಬಾಯೊಳಗೆ, ಎಡಗೆನ್ನೆಯ ಒಳಬದಿಗೆ, ಒಂದು ಬಿಳಿ ಚುಕ್ಕೆ ಇದೆ. ಇನ್ನೊಂದರಲ್ಲಿ ಇಲ್ಲ. ಅಳಿಸಿದವನು ನಾನು. ಅದು ಕ್ಯಾನ್ಸರಿನ ಶುರು ಅಂತ ಆಮೇಲೆ ಗೊತ್ತಾಯಿತು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಪ್ಪದಲ್ಲಿ ಗೂಡ್ಸ್ ಆಟೊ ಓಡಿಸುತ್ತೇನೆ. ಅಡಿಕೆ ಮೂಟೆ, ಸಿಮೆಂಟು, ಮದುವೆಮನೆಯ ಪಾತ್ರೆ, ಯಾವುದಾದರೂ ಸರಿ. ಈ ಕೆಲಸದಲ್ಲಿ ಓಡಿಸುವುದಕ್ಕಿಂತ ಕಾಯುವುದೇ ಜಾಸ್ತಿ. ಕಾಯುವಾಗ ಫೋನಿನಲ್ಲಿ ಫೋಟೊ ತೆಗೆಯುವ ಹುಚ್ಚು ಹತ್ತಿತು. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದರೆ ಸೀರೆ, ಪ್ಲಾಸ್ಟಿಕ್ಕು, ಬಕೆಟ್ಟು ಯಾವುದೂ ಕೂಗಾಡುವುದಿಲ್ಲ. ಮುಖ ಮಾತ್ರ ಉಳಿಯುತ್ತದೆ. ಅದು ನನಗೆ ಹಿಡಿಸಿತ್ತು.

ಶೃಂಗೇರಿಯಲ್ಲಿ ಒಂದು ಹಳೆ ಸ್ಟುಡಿಯೊ ಇದೆ. ಅದರ ಯಜಮಾನರು ರೀಲಿನ ಕಾಲದವರು, ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆದವರು. ಆ ಕಡೆ ಬಾಡಿಗೆ ಹೋದಾಗೆಲ್ಲ ಅವರಿಗೆ ನನ್ನ ಫೋಟೊ ತೋರಿಸುತ್ತಿದ್ದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, ವಾಪಸ್ ಕೊಟ್ಟು, "ಇದ್ರಲ್ಲಿ ಫೋಟೊ ಎಲ್ಲಿದೆ ಮಾರಾಯ? ಇದು ಸಾಕ್ಷಿ ಅಷ್ಟೆ, ಇಂಥೋರು ಇಲ್ಲಿ ನಿಂತಿದ್ರು ಅಂತ" ಅನ್ನುತ್ತಿದ್ದರು. ಒಂದು ದಿನ ಹೇಳಿದರು, "ಒಂದೇ ಒಂದು ಸರಿಯಾಗಿ ಮಾಡ್ಕಂಡು ಬಾ. ನಾನೇ ಪ್ರಿಂಟ್ ಹಾಕಿ ಅಂಗಡಿ ಮುಂದೆ ಇಡ್ತೀನಿ." ಅದೇ ನನ್ನ ತಲೆಯಲ್ಲಿ ಕೂತಿತು.

ಅಮ್ಮ ಆಗ ಮೇಗುಂದದ ಹತ್ತಿರ ಒಬ್ಬರ ಶೆಡ್ಡಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಒಂದು ಸಂಜೆ ಮೂಟೆ ತರಲು ನಾನು ಅಲ್ಲಿಗೆ ಹೋದೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಇಳಿಬಿಸಿಲು ಓರೆಯಾಗಿ ಅಮ್ಮನ ಮುಖಕ್ಕೆ ಬಿದ್ದಿತ್ತು. ನಾನು ಫೋನ್ ಎತ್ತಿದೆ.

ಅಮ್ಮನ ಪಕ್ಕ ಕೂತವಳು ಬಾಯಿ ಬಿಟ್ಟಳು. "ಎಂತಕಾ ತೆಗಿಯದು? ಅಮ್ಮಂಗೆ ಗಂಡು ಹುಡುಕ್ತೀಯಾ?"

"ಹುಡುಕ್ಲಿ ಬಿಡೇ," ಅಂದ ಅಮ್ಮ ನನ್ನ ಕಡೆ ಗದ್ದ ತೋರಿಸಿದಳು. "ಸುಲಿಯಕ್ಕೆ ಬರೋ ಗಂಡಾದ್ರೆ ಸಾಕು. ಕೂತು ತಿನ್ನೋನು ಒಬ್ಬ ಮನೇಲೇ ಇದಾನೆ."

ಎಲ್ಲರೂ ಹೋ ಅಂದರು. ಅಮ್ಮ ತಲೆ ಹಿಂದೆ ಹಾಕಿ, ಬಾಯಿ ಪೂರ್ತಿ ತೆರೆದು ನಕ್ಕಳು. ಆಗ ಒತ್ತಿದೆ.

ಮನೆಗೆ ಬಂದು ಬಣ್ಣ ತೆಗೆದೆ. ಎಲೆಯಡಿಕೆಯ ಕೆಂಪೆಲ್ಲ ಕಪ್ಪಾಯಿತು. ಆಗಲೇ ಆ ಚುಕ್ಕೆ ಎದ್ದು ಕಂಡಿದ್ದು. ಬಣ್ಣದಲ್ಲಿ ಇದ್ದಾಗ ಕೆಂಪಿನ ನಡುವೆ ಗಮನಕ್ಕೇ ಬಂದಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಅವಳು ಸೆರಗಿನ ತುದಿಯಿಂದ ಫೋನ್ ಒರೆಸಿದಳು.

"ಧೂಳು ಕೂತದೆ ನೋಡಾ."

"ಧೂಳಲ್ಲ. ನಿನ್ನ ಬಾಯಲ್ಲಿರೋದು. ಸುಣ್ಣ."

"ಹಂಗಾರೆ ಸುಣ್ಣವೇ," ಅಂದು ಎದ್ದು ಹೋದಳು.

ಅಮ್ಮ ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು ಹಾಕುವವಳು. ಬೆಳಿಗ್ಗೆ ಬಾಯಿಗಿಟ್ಟರೆ ಊಟಕ್ಕೆ ಮಾತ್ರ ಉಗಿಯುವುದು. ನಮ್ಮ ಕಡೆ ಅಂಥವರ ಬಾಯಲ್ಲಿ ಬಿಳಿ ಕಂಡರೆ ಸುಣ್ಣ ಅನ್ನದೆ ಬೇರೆ ಏನನ್ನುತ್ತಾರೆ? ಆ ದಿನಗಳಲ್ಲೇ ಅವಳು ಸಾರು ಬಾಯಿಗಿಟ್ಟರೆ ಉರಿಯುತ್ತದೆ ಅನ್ನಲು ಶುರು ಮಾಡಿದ್ದಳು. "ಸುಣ್ಣ ಜಾಸ್ತಿ ಬಳೀತೀಯ, ಅದ್ಕೇ" ಅಂದಿದ್ದೆ. ಅವಳು ಮೊಸರನ್ನಕ್ಕೆ ಬಂದಳು. ನಾನು ಫೋಟೊದ ಹಿಂದೆ ಬಿದ್ದಿದ್ದೆ.

ಶೃಂಗೇರಿಗೆ ಹೋದೆ. ಯಜಮಾನರು ಮೊದಲ ಸಲ ಕನ್ನಡಕ ಹಣೆಯಿಂದ ಕೆಳಗಿಳಿಸಿ ನೋಡಿದರು.

"ಇದು ಫೋಟೊ," ಅಂದರು. ನನಗೆ ಎದೆ ಉಬ್ಬಿತು. ಆಮೇಲೆ ತಪ್ಪು ಹೇಳಲು ಕೂತರು. ಹಿಂದಿನ ಗೋಣಿಚೀಲ ಬೆಳಕಾಯಿತು, ಕಪ್ಪು ಮಾಡು. ಬಲಗಡೆ ಯಾರದೋ ಮೊಣಕೈ ನುಗ್ಗಿದೆ, ಕತ್ತರಿಸು. ಹಣೆಯ ಸುಕ್ಕು ಮುಟ್ಟಬೇಡ.

ಅಷ್ಟು ಮಾಡಿ ಮತ್ತೊಂದು ಸಲ ಹೋದೆ. ಅವರು ತುಂಬ ಹೊತ್ತು ನೋಡಿದರು.

"ಈಗ ಹೇಳು, ನಿನ್ನ ಕಣ್ಣು ಮೊದ್ಲು ಎಲ್ಲಿಗೆ ಹೋಗ್ತದೆ?"

"ನಗುಗೆ."

"ಸುಳ್ಳು ಹೇಳ್ಬೇಡ. ಬಾಯೊಳಗಿನ ಆ ಬಿಳಿಗೆ ಹೋಗ್ತದೆ. ಕಪ್ಪು ಬಿಳುಪಲ್ಲಿ ಕಣ್ಣು ಓಡೋದೇ ಬಿಳಿ ಇರೋ ಕಡೆ. ಎಂತದು ಅದು?"

"ಸುಣ್ಣ."

"ತೆಗಿ ಅದನ್ನ. ಇಷ್ಟು ಚಂದ ನಗ್ತಾರೆ ನಿನ್ನ ಅಮ್ಮ, ಸುಣ್ಣ ನೋಡ್ಕಂಡು ಕೂರೋದಾ?"

ಫೋಟೊ ಹುಚ್ಚಿನವರ ಒಂದು ವಾಟ್ಸ್ಯಾಪ್ ಗುಂಪಿಗೂ ಹಾಕಿದ್ದೆ. ಅಲ್ಲೂ ಅದೇ. ಆ ಚುಕ್ಕೆ ತೆಗೀರಿ ಬ್ರದರ್, ಸೂಪರ್ ಆಗ್ತದೆ. ಗುಂಪಿನ ಅಷ್ಟೂ ಜನ ಆ ಚುಕ್ಕೆ ಕಂಡರು. ಏನದು ಅಂತ ಒಬ್ಬನೂ ಕೇಳಲಿಲ್ಲ.

ನರಸಿಂಹರಾಜಪುರದಲ್ಲಿ ಒಂದು ಲೋಡ್ ಇಳಿಸುವುದು ತಡವಾಗಿತ್ತು. ಆಟೊದಲ್ಲೇ ಕೂತು ಅಳಿಸಲು ಶುರು ಮಾಡಿದೆ. ಫೋನಿನಲ್ಲಿ ಅದಕ್ಕೊಂದು ಬ್ರಷ್ ಇದೆ. ಬೆರಳಿಂದ ತಿಕ್ಕಿದರೆ ಅಕ್ಕಪಕ್ಕದ ಕಪ್ಪನ್ನು ತಂದು ಮುಚ್ಚುತ್ತದೆ. ಸರಿ ಹೋಗಲಿಲ್ಲ. ಅಂಚು ಉಳಿಯುತ್ತಿತ್ತು. ಅದಕ್ಕೆ ಹಿಗ್ಗಿಸಿದೆ. ಫೋನ್ ತುಂಬ ಅಮ್ಮನ ಕೆನ್ನೆಯ ಒಳಭಾಗ ಬಂತು.

ಈ ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹಿಗ್ಗಿಸಿದಾಗ ನನಗೆ ಕಂಡಿತ್ತು. ಸುಣ್ಣ ಹಾಗಿರುವುದಿಲ್ಲ. ಸುಣ್ಣ ಮೇಲೆ ಅಂಟಿಕೊಂಡಿರುತ್ತದೆ. ಇದು ಹಾಲಿನ ಕೆನೆ ಕಟ್ಟಿದ ಹಾಗೆ ಸಣ್ಣಗೆ ಸುಕ್ಕುಸುಕ್ಕಾಗಿ ಚರ್ಮದ್ದೇ ಆಗಿತ್ತು. ಒಂದು ಗಳಿಗೆ ಬೆರಳು ನಿಂತಿತು. ಆಮೇಲೆ ತಿಕ್ಕಿದೆ. ಅಂಚು ಹೋಯಿತು. ಎಷ್ಟು ನೀಟಾಗಿ ಹೋಯಿತೆಂದರೆ ನನಗೇ ಖುಷಿಯಾಯಿತು.

ಯಜಮಾನರು ಮಾತಿಗೆ ತಪ್ಪಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿ ಕಟ್ಟು ಹಾಕಿಸಿ ಅಂಗಡಿ ಗಾಜಿನ ಹಿಂದೆ ಇಟ್ಟರು. ಅಮ್ಮನನ್ನು ಆಟೊದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ರಸ್ತೆಯ ಆಚೆಯೇ ನಿಂತಳು. "ಹಲ್ಲು ಬಿಟ್ಕಂಡು ಕೂತಿದೀನಲ್ಲಾ, ನಾಚ್ಗೆ," ಅಂದಳು. ಆದರೆ ಎರಡು ಸಲ ತಿರುಗಿ ನೋಡಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ಅಮ್ಮನ ಬಾಯಿ ತೆರೆಯುವುದು ಕಮ್ಮಿಯಾಗಿತ್ತು. ಅನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ ಒಳಗೆ ತಳ್ಳುತ್ತಿದ್ದಳು. ಕೊಪ್ಪದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರು ಬೆರಳು ಜೋಡಿಸಿ ತೋರಿಸಿದರು. "ಮೂರು ಬೆರಳು ಒಳಗೆ ಹೋಗ್ಬೇಕು. ಇವ್ರಿಗೆ ಒಂದೂವರೆ ಹೋಗ್ತಿದೆ." ಟಾರ್ಚ್ ಹಾಕಿ ಎಡಗೆನ್ನೆಯ ಒಳಗೆ ನೋಡಿದರು. ಎಷ್ಟು ದಿನದಿಂದ ಇದೆ ಅಂತ ಕೇಳಿದರು. ಅಮ್ಮ ಗೊತ್ತಿಲ್ಲ ಅಂದಳು. ನಾನು ಫೋನ್ ತೆಗೆದು ಮೊದಲಿನ ಫೋಟೊ ಕೊಟ್ಟೆ, ಚುಕ್ಕೆ ಇರುವುದು. ಅವರು ಎರಡು ಬೆರಳಲ್ಲಿ ಹಿಗ್ಗಿಸಿದರು. ನಾನು ಹಿಗ್ಗಿಸಿದ ಜಾಗವನ್ನೇ.

"ಇದು ಯಾವಾಗಿಂದು?"

"ಹೋದ ಸುಗ್ಗಿದು."

"ಆಗ್ಲೇ ಬಂದಿದ್ರೆ..." ಅಂದು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಆಟೊದ ಹತ್ತಿರ ಬಂದಾಗ ಅಮ್ಮ ಕೇಳಿದಳು. "ನಿಂಗೆ ಆಗ ಕಂಡಿತ್ತಾ?"

"ಕಂಡಿತ್ತು. ಸುಣ್ಣ ಅಲ್ಲ ಅಂತ್ಲೂ ಅನ್ಸಿತ್ತು."

ಅವಳು ಆಟೊ ಹತ್ತಿದಳು. ಬೈದಿದ್ದರೆ ಆಗುತ್ತಿತ್ತು. ಭಂಡಿಗಡಿಯಲ್ಲಿ ನಮ್ಮ ಮನೆ ಬರುವ ತನಕ ರಸ್ತೆಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಕೆನ್ನೆಯ ಒಳಗಿನದನ್ನು ತೆಗೆದು, ದವಡೆ ಸ್ವಲ್ಪ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಅವಳ ಮಾತು ಈಗ ನನಗೆ ಮಾತ್ರ ಅರ್ಥವಾಗುತ್ತದೆ. ಮತ್ತೆ ಬರಬಹುದಾ ಅಂತ ಅಲ್ಲಿನ ಡಾಕ್ಟರನ್ನು ಕೇಳಿದೆ. ಬರುವುದಿಲ್ಲ ಅಂತ ಅವರು ಹೇಳಲಿಲ್ಲ.

ಒಂದು ದಿನ ಶೃಂಗೇರಿಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಹೇಳಿದ್ದು ಫೋಟೊದ ವಿಷ್ಯ ಮಾರಾಯ," ಅಂದರು.

ಹೌದು, ಅವರು ಹೇಳಿದ್ದು ಫೋಟೊದ ವಿಷಯ. ಸರಿಯಾಗಿಯೇ ಹೇಳಿದ್ದರು. ಕಣ್ಣು ಬಿಳಿಗೇ ಓಡುತ್ತದೆ ಅಂತ ಕಲಿಸಿದ್ದೂ ಅವರೇ. ನನಗೆ ಅವರ ಮೇಲೆ ಸಿಟ್ಟು ಮಾಡಲು ಏನೂ ಸಿಗಲಿಲ್ಲ. ಅವರು ಗಾಜಿನ ಹಿಂದಿನಿಂದ ಫೋಟೊ ತೆಗೆದು ಪೇಪರ್ ಸುತ್ತಿ ಕೊಟ್ಟರು. ಅದು ಇನ್ನೂ ಆಟೊದ ಸೀಟಿನ ಹಿಂದೆ ಇದೆ. ಮನೆಯೊಳಗೆ ತಂದಿಲ್ಲ.

ಬಾಯಿ ಪೂರ್ತಿ ಕಚ್ಚಿಕೊಳ್ಳಬಾರದೆಂದು ಆಸ್ಪತ್ರೆಯವರು ಒಂದು ಕಸರತ್ತು ಹೇಳಿದ್ದಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ದಿನಾ ಒಂದು ಕಡ್ಡಿ ಜಾಸ್ತಿ ಮಾಡಲು ನೋಡಬೇಕು. ಬೆಳಿಗ್ಗೆ ಬಾಡಿಗೆಗೆ ಹೋಗುವ ಮೊದಲು ನಾನೇ ಇಡುತ್ತೇನೆ. ಅಮ್ಮ ಕಣ್ಣು ಮುಚ್ಚಿ ನನ್ನ ಅಂಗಿಯ ತೋಳು ಹಿಡಿದುಕೊಳ್ಳುತ್ತಾಳೆ. ಟಾರ್ಚ್ ಹಾಕಿ ಎಡಗೆನ್ನೆ ನೋಡುತ್ತೇನೆ, ಬಿಳಿ ಏನಾದರೂ ಇದೆಯಾ ಅಂತ. ಹೊಲಿದ ಚರ್ಮವೇ ಬಿಳಿ. ಏನೂ ಗೊತ್ತಾಗುವುದಿಲ್ಲ.

ಹೋದ ವಾರ ಹನ್ನೊಂದು ಕಡ್ಡಿ ಹೋಗುತ್ತಿತ್ತು. ನಿನ್ನೆ ಹತ್ತು. ಇವತ್ತು ಒಂಬತ್ತು.