ಮಲ್ಲಿಕಾರ್ಜುನಯ್ಯನವರೂ ವಾಚನಾಲಯದ ಕರಿಹಲಗೆಯೂ

ಚಾಮರಾಜಪೇಟೆಯ ವಾಚನಾಲಯಗಳ ಮಾತು ಬಂದಾಗ ಅಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಕೇಳುವವರು ಬಹಳ, ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ನಮ್ಮ ಬೀದಿಯ ವಾಚನಾಲಯದಲ್ಲಿ ಇಪ್ಪತ್ತೆಂಟು ವರ್ಷ ಮೇಲ್ವಿಚಾರಕರಾಗಿದ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಮಲ್ಲಿಕಾರ್ಜುನಯ್ಯನವರನ್ನು ಬಲ್ಲವರು ಎರಡನೆಯದನ್ನೇ ಕೇಳುತ್ತಾರೆ. ಅಲ್ಲಿ ಕಸ ಗುಡಿಸಿ ಹಲಗೆ ಒರೆಸಿಕೊಂಡಿರುವ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಹೇಳಿದ್ದಾರೆ.

ಬಾಗಿಲ ಪಕ್ಕದ ಕರಿಹಲಗೆಯನ್ನು ಬೆಳಗ್ಗೆ ನಾನು ಒರೆಸುವುದು, ಅವರು ತಾರೀಖು ಹಾಕಿ ಬೀದಿಯ ಸಮಾಚಾರ ಬರೆಯುವುದು: ನಲ್ಲಿ ನೀರು ನಾಲ್ಕಕ್ಕೆ, ರೇಷನ್ ಅಂಗಡಿಗೆ ಸಕ್ಕರೆ ಬಂದಿದೆ, ಸುಂದರಮ್ಮನವರ ಬೀಗದ ಕೈ ಸಿಕ್ಕಿದೆ. ಹಲಗೆಯಲ್ಲಿ ಹೆಸರಿದ್ದ ಯಾರಾದರೂ ತೀರಿಕೊಂಡರೆ ಮೊದಲು ಆ ಸಾಲನ್ನು ಅಳಿಸಿ, ಸ್ವಲ್ಪ ಹೊತ್ತು ಆ ಜಾಗ ಖಾಲಿ ಬಿಟ್ಟು, ಆಮೇಲೆ ಸಾವಿನ ಸುದ್ದಿ ಬರೆಯುವುದು ಅವರ ಪದ್ಧತಿ. ನನ್ನ ಕೈ ಎಟುಕದ್ದನ್ನು ಕಂಡು ಹಲಗೆಯನ್ನೇ ಒಂದು ಗೇಣು ಕೆಳಕ್ಕೆ ಇಳಿಸಿ ಹೊಡೆಸಿದರು. ಅಂದಿನಿಂದ ಬಗ್ಗಿಯೇ ಬರೆದರು. ಅವರ ಇವತ್ತಿನ ಸೊಂಟನೋವಿನಲ್ಲಿ ನನಗೂ ಪಾಲಿದೆ.

ಎಪ್ಪತ್ತೈದರಲ್ಲಿ ತುರ್ತುಪರಿಸ್ಥಿತಿ ಬಂತು. ನಮ್ಮಲ್ಲಿ ಸಂಜೆ ಪಾಠ ಹೇಳುತ್ತಿದ್ದ ಚಲುವರಾಜು ಮೇಷ್ಟ್ರನ್ನು, ಯಾವುದೋ ಕರಪತ್ರ ಹಂಚಿದರೆಂದು, ಪೊಲೀಸರು ಕರೆದೊಯ್ದರು. ಎಲ್ಲಿಟ್ಟಿದ್ದಾರೆಂದು ಅವರ ಹೆಂಡತಿ ಗಂಗರತ್ನಮ್ಮನವರಿಗೂ ಗೊತ್ತಿರಲಿಲ್ಲ. ಹೆದರಿದ ಬೀದಿ ಆ ಮನೆಯತ್ತ ನೋಡುವುದನ್ನೇ ಬಿಟ್ಟಿತು. ಮರುದಿನ ಹಲಗೆಯ ನಡುವೆ ಒಂದು ಸಾಲು: ‘ಚಲುವರಾಜು ಮೇಷ್ಟ್ರ ಪಾಠ ಇಂದು ಇಲ್ಲ.’ ಅದರ ಮರುದಿನವೂ ಅದೇ. ಆ ‘ಇಂದು’ ತಿಂಗಳುಗಟ್ಟಲೆ ಮುಗಿಯಲಿಲ್ಲ. ಗಂಗರತ್ನಮ್ಮ ದಿನಾ ಬಂದು ಅದನ್ನು ಓದಿಕೊಂಡು ಹೋಗುತ್ತಿದ್ದರು.

ಒಂದು ದಿನ ಪೇದೆಯೊಬ್ಬ ಬಂದ. “ಏನ್ರೀ ಇದು, ದಿನಾ ಇದೇ ಪುರಾಣ?”

“ಪಾಠ ಇಲ್ಲ ಸ್ವಾಮಿ, ಇಲ್ಲ ಅಂತ ಬರ್ದಿದೀನಿ. ಇದೆ ಅಂತ ಬರೀಲಾ?”

ಪೇದೆ ನನ್ನತ್ತ ತಿರುಗಿದ. “ನಿನ್ ಹೆಸರೇನಮ್ಮ?”

ನನಗೆ ಕೆಲಸ ಬೇಕಿತ್ತು. ಮರುದಿನ ಅಯ್ಯನವರು ಅಂಚೆಕಚೇರಿಗೆ ಹೋದಾಗ ಆ ಒಂದು ಸಾಲನ್ನು ಒರೆಸಿಬಿಟ್ಟೆ.

ಹನ್ನೊಂದಕ್ಕೆ ಬಂದ ಗಂಗರತ್ನಮ್ಮ ಖಾಲಿ ಜಾಗ ನೋಡಿ ಮೆಟ್ಟಿಲ ಮೇಲೆ ಕುಸಿದರು. “ಯಾವಾಗ ಹೋದ್ರು, ಹನುಮಕ್ಕಾ? ಯಾರ್ ಬಂದ್ ಹೇಳಿದ್ರು?”

“ಅಯ್ಯೋ, ಹಂಗಲ್ಲಮ್ಮಾ! ಭಯಕ್ಕೆ ನಾನೇ ಒರೆಸ್ದೆ!”

ಅವರು ನಂಬಲಿಲ್ಲ. ಅಷ್ಟರಲ್ಲಿ ಹಿಂದಿರುಗಿದ ಮಲ್ಲಿಕಾರ್ಜುನಯ್ಯನವರು ಕೊಡೆಯನ್ನೂ ಕೆಳಗಿಡದೆ ಸೀಮೆಸುಣ್ಣ ತೆಗೆದುಕೊಂಡು ಆ ಸಾಲನ್ನು ಮತ್ತೆ ಬರೆದರು. ಗಂಗರತ್ನಮ್ಮ ಎರಡು ಸಲ ಓದಿ, ಕಣ್ಣೊರೆಸಿಕೊಂಡು ಮನೆಗೆ ಹೋದರು. ನನ್ನನ್ನು ಅಯ್ಯನವರು ಬೈಯಲಿಲ್ಲ. “ಮತ್ತೆ ಯಾರಾದ್ರೂ ಕೇಳಿದ್ರೆ, ಬರೆಯೋದು ಅವ್ರು, ಒರೆಸೋದಷ್ಟೇ ನಾನು ಅನ್ನು” ಎಂದರು.

ಎಪ್ಪತ್ತೇಳರ ಆರಂಭದಲ್ಲಿ ಮೇಷ್ಟ್ರು ಬಿಡುಗಡೆಯಾಗಿ ಬಂದರು. ಅಂಗಿ ಅವರದಲ್ಲವೇನೋ ಎನ್ನುವಷ್ಟು ಇಳಿದುಹೋಗಿದ್ದರು.

“ನಾಳೆಯಿಂದ ಪಾಠ ಅಂತ ಹಾಕ್ಲಾ ಮೇಷ್ಟ್ರೇ?”

“ಇಲ್ಲ ಅಂತ್ಲೇ ಇರ್ಲಿ ಅಯ್ನೋರೇ. ಸುಸ್ತಾಗಿದೆ.”

ಇವರು ಇನ್ನೂ ಎರಡು ತಿಂಗಳು ಅದನ್ನೇ ಬರೆದರು. ಆಮೇಲೆ ಒಂದು ಸೋಮವಾರ, ‘ಇಂದು ಪಾಠ ಉಂಟು.’ ಮರುದಿನ ಬೆಳಗ್ಗೆ ಆ ಸಾಲನ್ನು ಒರೆಸಲು ನನಗೆ ಕೈ ಬರಲಿಲ್ಲ.

ಈಗ ಅವರೂ ದಣಿದಿದ್ದಾರೆ, ನಾನೂ ದಣಿದಿದ್ದೇನೆ. ಅವರು ನೂರ್ಕಾಲ ಬಾಳಲೆಂದು ಉಳಿದವರು ಚೆಂದವಾಗಿ ಬರೆದಿರುತ್ತಾರೆ. ಹಲಗೆಯಲ್ಲಿ ಅವರ ಹೆಸರಿನ ಜಾಗ ಖಾಲಿಯಾಗುವುದನ್ನು ನಾನು ಕಾಣದಿರಲಿ ಎಂಬುದಷ್ಟೇ ನನ್ನ ಬೇಡಿಕೆ. ಮುಂದಿನ ತಿಂಗಳಿಂದ ಬರೆಯುವವರು ಯಾರೆಂದು ಸಮಿತಿ ಇನ್ನೂ ತೀರ್ಮಾನಿಸಿಲ್ಲ. ನಾನಂತೂ ಎಂಟಕ್ಕೆ ಒರೆಸಿಟ್ಟಿರುತ್ತೇನೆ, ಬರೆಯುವವರು ಯಾರೇ ಆಗಲಿ, ಬನ್ನಿ. ಬಗ್ಗಲಾಗದಿದ್ದರೆ ಹಲಗೆಯನ್ನು ಒಂದು ಗೇಣು ಮೇಲಕ್ಕೆ ಹೊಡೆಸೋಣ. ನನಗೊಂದು ಸ್ಟೂಲು ಸಾಕು.